ಮನೆ ಸರ್ವರ್‌ನ ಟಿವಿ ರೆಕಾರ್ಡಿಂಗ್ ಒಂದು ರೂಮಿನಲ್ಲಿ ಓಡುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ: ಸರ್ವರ್ ದೊಡ್ಡದು ಮಾಡಬೇಕಾ?

ಕಾವೇರಿತೀರ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ. ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಹಾಕಿಸಿದ್ದೇನೆ. ಒಂದು ಕೇಬಲ್ ಮಾಮೂಲಿ ಸೆಟ್‌ಟಾಪ್ ಬಾಕ್ಸ್‌ಗೆ ಹೋಗುತ್ತದೆ, ಇನ್ನೊಂದು ಯುಎಸ್‌ಬಿ ಡಿವಿಬಿ-ಎಸ್2 ಟ್ಯೂನರ್‌ಗೆ (ಉಪಗ್ರಹ ಟಿವಿ ಸಿಗ್ನಲ್ ಅನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ). ಟ್ಯೂನರ್ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಸೇರಿದೆ, ಅದೇ ನಮ್ಮನೆ ಸರ್ವರ್. ಪೈನಲ್ಲಿ ಟಿವಿಹೆಡೆಂಡ್ ಅನ್ನುವ ಸಾಫ್ಟ್‌ವೇರ್ ಇದೆ, ಅದು ರೆಕಾರ್ಡ್ ಮಾಡಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಬರೆಯುತ್ತದೆ. ಅದೇ ಪೈನಲ್ಲಿ ಮಿನಿಡಿಎಲ್‌ಎನ್‌ಎ ಮತ್ತು ಜೆಲ್ಲಿಫಿನ್ ಕೂಡ ಹಾಕಿದ್ದೇನೆ, ಎರಡೂ ರೆಕಾರ್ಡಿಂಗ್‌ಗಳನ್ನು ಮನೆಯ ಬೇರೆ ಪರದೆಗಳಿಗೆ ಕಳಿಸುವ ಸಾಫ್ಟ್‌ವೇರ್‌ಗಳು. ಚಂದನದ ಸಂಗೀತ ಕಾರ್ಯಕ್ರಮ, ಯಕ್ಷಗಾನ, ದಸರಾ ನೇರಪ್ರಸಾರ ಇವೆಲ್ಲ ಅಮ್ಮನಿಗೆ ಬೇಕು. ಪ್ರಸಾರದ ಹೊತ್ತಿಗೆ ಅವರು ನೋಡೋದಕ್ಕೆ ಆಗುವುದಿಲ್ಲ, ಅದಕ್ಕೇ ಇಷ್ಟೆಲ್ಲ.

ಈಗ ಪರಿಸ್ಥಿತಿ ಹೀಗಿದೆ. ಹಾಲ್‌ನ ಸ್ಮಾರ್ಟ್ ಟಿವಿಯಲ್ಲಿ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿ ವಿಡಿಯೋ ಹಂಚುವ ಪದ್ಧತಿ) ಮೂಲಕ ಪಟ್ಟಿ ಬರುತ್ತದೆ, ಕಾರ್ಯಕ್ರಮ ಓಡುತ್ತದೆ. ಆದರೆ ಫಾರ್ವರ್ಡ್ ಒತ್ತಿದರೆ ಕೆಲವು ಸಲ ಮತ್ತೆ ಮೊದಲಿಗೇ ಹೋಗುತ್ತದೆ. ಒಂದು ಗಂಟೆಯ ಒಂದು ಕಛೇರಿಗೆ 25:30 ಗಂಟೆ ಅಂತ ತೋರಿಸುತ್ತದೆ. ಎಲ್ಲದಕ್ಕೂ ಹಾಗಲ್ಲ, ಕೆಲವಕ್ಕೆ ಮಾತ್ರ. ಅಮ್ಮನ ರೂಮಿನಲ್ಲಿ ಟಿವಿಗೆ ಚುಚ್ಚುವ ಸಣ್ಣ ಸ್ಟಿಕ್ ಇದೆ, ಅದರಲ್ಲಿ ಜೆಲ್ಲಿಫಿನ್ ಆಪ್. ಅಲ್ಲಿ ಚಿತ್ರ ನಿಂತು ನಿಂತು ಬರುತ್ತದೆ, ಪೈ ಮುಟ್ಟಿದರೆ ಬಿಸಿ. ಮಹಡಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಕೋಡಿ ಅನ್ನುವ ಪ್ಲೇಯರ್ ಇದೆ. ಅದೂ ವೈಫೈನಲ್ಲೇ ಇದೆ. ಅದರಲ್ಲಿ ಎಲ್ಲವೂ ಸಲೀಸು.

ಪೈ ತೆಗೆದು ದೊಡ್ಡ ಸರ್ವರ್ ಹಾಕಬೇಕಾ? ತಿಳಿದವರು ಹೇಳಿ.


ಮಳೆನಾಡು, ತೀರ್ಥಹಳ್ಳಿ

ನಮ್ಮಲ್ಲೂ ಇದೇ ತಾಪತ್ರಯ, ಜೊತೆಗೆ ಮಳೆಗಾಲದ ಕಾಟ. ಉತ್ತರಕ್ಕೆ ಕಾಯುತ್ತಿದ್ದೇನೆ.


ತಂತಿಮನೆ, ಹುಬ್ಬಳ್ಳಿ

ಮೊದಲು ವೈಫೈ ಬಿಡ್ರಿ, ಕೇಬಲ್ ಎಳೀರಿ. ಇಂಥ ಸಮಸ್ಯೆಗಳಲ್ಲಿ ಅರ್ಧ ಅಲ್ಲೇ ಮುಗಿಯುತ್ತವೆ.


ಫ್ರೇಮ್‌ರೇಟ್, ಬೆಂಗಳೂರು

ತಂತಿಮನೆಯವರೇ, ಕೇಬಲ್ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಲ್ಯಾಪ್‌ಟಾಪ್ ಕೂಡ ವೈಫೈನಲ್ಲಿದೆ, ಅದರಲ್ಲಿ ಸಲೀಸಾಗಿ ಓಡುತ್ತಿದೆ ಅಂತ ಅವರೇ ಬರೆದಿದ್ದಾರೆ. ಅಲ್ಲಿಗೆ ಫೈಲ್ ಸರಿ ಇದೆ, ಡಿಸ್ಕ್ ಸರಿ ಇದೆ, ಟ್ಯೂನರ್ ಸರಿ ಇದೆ ಅಂತಾಯಿತು. ಉಳಿದಿದ್ದು ನೋಡುವ ಸಾಧನಗಳು.

ನಾನು ವಿಡಿಯೋ ಕ್ಷೇತ್ರದಲ್ಲೇ ಕೆಲಸ ಮಾಡುವವಳು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿವಿಹೆಡೆಂಡ್ ರೆಕಾರ್ಡ್ ಮಾಡುವಾಗ ಚಿತ್ರವನ್ನು ಹೊಸದಾಗಿ ತಯಾರು ಮಾಡುವುದಿಲ್ಲ. ಉಪಗ್ರಹದಿಂದ ಬಂದದ್ದನ್ನು ಹಾಗೇ ಎತ್ತಿ ಡಿಸ್ಕ್‌ಗೆ ಇಡುತ್ತದೆ. ಆ ಫೈಲಿನ ಹೆಸರು ಟಿಎಸ್ ಅಂತ ಮುಗಿಯುತ್ತದೆ. ಒಳಗೆ 188 ಬೈಟ್‌ಗಳ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಸಾಲಾಗಿ ಇರುತ್ತವೆ. ಫ್ರೀ ಡಿಶ್‌ನಲ್ಲಿ ಕೆಲವು ಚಾನೆಲ್ ಎಂಪೆಗ್-2, ಕೆಲವು ಎಂಪೆಗ್-4; ಇವು ವಿಡಿಯೋವನ್ನು ಚಿಕ್ಕದಾಗಿ ಕಟ್ಟುವ ವಿಧಾನಗಳು, ಅಂದರೆ ಕೋಡೆಕ್‌ಗಳು. ಸಾಧಾರಣ ಎಸ್‌ಡಿ ಚಾನೆಲ್ ಅಂದರೆ 576 ಸಾಲು, ಅದೂ ಇಂಟರ್‌ಲೇಸ್ಡ್. ಅಂದರೆ ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರುತ್ತವೆ. ಒಮ್ಮೆ ಬೆಸ ಸಾಲುಗಳು, ಒಮ್ಮೆ ಸಮ ಸಾಲುಗಳು. ಇವೆರಡನ್ನೂ ಸೇರಿಸಿ ಪೂರ್ತಿ ಚಿತ್ರ ಮಾಡುವುದು ನೋಡುವ ಸಾಧನದ ಕೆಲಸ.

ಲ್ಯಾಪ್‌ಟಾಪ್‌ನ ಕೋಡಿಗೆ ಇದೆಲ್ಲ ಗೊತ್ತು. ಎಂಪೆಗ್-2 ಗೊತ್ತು, ಅರ್ಧ ಚಿತ್ರ ಸೇರಿಸುವುದು ಗೊತ್ತು, ಎಂಪಿ2 ಧ್ವನಿಯೂ ಗೊತ್ತು. ಆದರೆ ಕ್ರೋಮ್‌ನಂಥ ಬ್ರೌಸರ್‌ಗೆ ಎಂಪೆಗ್-2 ಬರುವುದೇ ಇಲ್ಲ. ಹಲವು ಅಗ್ಗದ ಸ್ಟಿಕ್‌ಗಳಿಗೂ ಬರುವುದಿಲ್ಲ. ಆಗ ಜೆಲ್ಲಿಫಿನ್ ಏನು ಮಾಡುತ್ತದೆ? ಎದುರಿನ ಆಪ್ 'ನನಗೆ ಇದು ಬರಲ್ಲ' ಅಂದ ಕೂಡಲೇ ಸರ್ವರ್‌ನಲ್ಲೇ ಪೂರ್ತಿ ಚಿತ್ರವನ್ನು ಬಿಚ್ಚಿ, ಆಪ್‌ಗೆ ಬರುವ ಎಚ್.264 ಕೋಡೆಕ್‌ಗೆ ಹೊಸದಾಗಿ ಕಟ್ಟಿ ಕಳಿಸುತ್ತದೆ. ಇದೇ ಟ್ರಾನ್ಸ್‌ಕೋಡಿಂಗ್. ಪೈ 4ರಲ್ಲಿ ಎಂಪೆಗ್-2 ಬಿಚ್ಚುವ ಹಾರ್ಡ್‌ವೇರ್ ಇಲ್ಲ. ಹಳೇ ಪೈಗಳಲ್ಲಿ ಇತ್ತು, ಅದಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ಕೀ ತಗೊಳ್ಳಬೇಕಿತ್ತು. ಆದ್ದರಿಂದ ಪೈ 4ರ ಸಿಪಿಯು ಒಬ್ಬನೇ ಎಲ್ಲ ಹೊರಬೇಕು. ಅದೇ ಹೊತ್ತಿಗೆ ರೆಕಾರ್ಡಿಂಗ್ ಬೇರೆ ನಡೆಯುತ್ತಿದ್ದರೆ ಬಿಸಿ ಆಗದೆ ಇನ್ನೇನು?

ಸ್ಟಿಕ್‌ನಲ್ಲಿ ಕಾರ್ಯಕ್ರಮ ಓಡುತ್ತಿರುವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆಯಿರಿ. 'ಡೈರೆಕ್ಟ್ ಪ್ಲೇ' ಅಂತ ಇದೆಯಾ, 'ಟ್ರಾನ್ಸ್‌ಕೋಡಿಂಗ್' ಅಂತ ಇದೆಯಾ ನೋಡಿ. ಟ್ರಾನ್ಸ್‌ಕೋಡಿಂಗ್ ಅಂತಿದ್ದರೆ ಯಾಕೆ ಅನ್ನುವ ಕಾರಣವನ್ನೂ ಅಲ್ಲೇ ಹಾಕಿರುತ್ತಾರೆ.

ನನ್ನ ಅಭಿಪ್ರಾಯ ಒಂದೇ. ಸರ್ವರ್‌ಗೆ ದುಡ್ಡು ಹಾಕಬೇಡಿ, ಪ್ಲೇಯರ್‌ಗೆ ಹಾಕಿ. ಪ್ರಸಾರದಿಂದ ಹೇಗೆ ಬಂತೋ ಹಾಗೇ ಕಳಿಸಿ, ಅದನ್ನು ಹಾಗೇ ಓಡಿಸಬಲ್ಲ ಪ್ಲೇಯರ್ ಇಡಿ.


ಕಾವೇರಿತೀರ

ಮೇಡಂ, ನೋಡಿದೆ. 'ಟ್ರಾನ್ಸ್‌ಕೋಡಿಂಗ್' ಅಂತಲೇ ಇದೆ. ಕೆಳಗೆ ವಿಡಿಯೋ ಕೋಡೆಕ್‌ಗೆ ಬೆಂಬಲ ಇಲ್ಲ ಅಂತ ಬರೆದಿದೆ. ಸಿಪಿಯು ಪೂರ್ತಿ ತುಂಬಿಕೊಂಡಿದೆ. ಅದನ್ನೇ ಲ್ಯಾಪ್‌ಟಾಪ್ ಕೋಡಿಯಲ್ಲಿ ಓಡಿಸಿದರೆ ಪೈ ಸುಮ್ನೆ ಕೂತಿರುತ್ತದೆ.

ಅಮ್ಮನ ರೂಮಿನ ವಿಷಯ ಅರ್ಥ ಆಯಿತು. ಆದರೆ ಹಾಲ್ ಟಿವಿಯ 25:30 ಗಂಟೆ ಏನದು? ಅಲ್ಲಿ ಜೆಲ್ಲಿಫಿನ್ ಇಲ್ಲವೇ ಇಲ್ಲ. ಮಿನಿಡಿಎಲ್‌ಎನ್‌ಎ ಫೈಲನ್ನು ಇದ್ದ ಹಾಗೇ ಕೊಡುತ್ತದೆ ಅಲ್ವಾ?


ಫ್ರೇಮ್‌ರೇಟ್

ಹೌದು, ಮಿನಿಡಿಎಲ್‌ಎನ್‌ಎ ಏನನ್ನೂ ಬದಲಿಸುವುದಿಲ್ಲ. ಆದರೆ ನೀವು 25:30 ಅಂತ ನಿಖರವಾಗಿ ಬರೆದಿದ್ದು ತುಂಬ ಒಳ್ಳೆಯದಾಯಿತು. ಉತ್ತರ ಆ ಸಂಖ್ಯೆಯಲ್ಲೇ ಇದೆ.

ಟಿಎಸ್ ಫೈಲಿನಲ್ಲಿ 'ಈ ಕಾರ್ಯಕ್ರಮ ಇಷ್ಟು ಉದ್ದ' ಅಂತ ಎಲ್ಲೂ ಬರೆದಿರುವುದಿಲ್ಲ. ಅದು ಪ್ರಸಾರಕ್ಕೆ ಅಂತ ಮಾಡಿದ ವಿನ್ಯಾಸ. ಪ್ರಸಾರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಪ್ರತಿ ಚಿತ್ರಕ್ಕೂ ಒಂದು ಸಮಯದ ಮುದ್ರೆ ಇರುತ್ತದೆ, ಅಷ್ಟೇ. ಪ್ಲೇಯರ್ ಫೈಲಿನ ಮೊದಲ ಮುದ್ರೆ ನೋಡುತ್ತದೆ, ಕೊನೆಯ ಮುದ್ರೆ ನೋಡುತ್ತದೆ, ವ್ಯತ್ಯಾಸ ತೆಗೆದು ಉದ್ದ ಊಹಿಸುತ್ತದೆ.

ಈ ಮುದ್ರೆ 33 ಬಿಟ್‌ನ ಸಂಖ್ಯೆ. ಸೆಕೆಂಡಿಗೆ 90,000 ಎಣಿಕೆಯಂತೆ ಓಡುತ್ತದೆ. 33 ಬಿಟ್ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಲೆಕ್ಕ ಹಾಕಿದರೆ 26 ಗಂಟೆ 30 ನಿಮಿಷ 43 ಸೆಕೆಂಡು. ನಿಮ್ಮ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಆ ಎಣಿಕೆ ಸೊನ್ನೆಗೆ ಬಂದಿದೆ. ಮೊದಲ ಮುದ್ರೆ ದೊಡ್ಡದು, ಕೊನೆಯದು ಚಿಕ್ಕದು. ನಿಮ್ಮ ಟಿವಿ ಇದನ್ನು ಗಮನಿಸದೆ ಸುಮ್ನೆ ಒಂದರಿಂದ ಇನ್ನೊಂದನ್ನು ಕಳೆದಿದೆ. 26:30ರಲ್ಲಿ ನಿಮ್ಮ ಒಂದು ಗಂಟೆ ಕಳೆಯಿರಿ. 25:30 ಬಂತಾ?

ಕೆಲವು ಫೈಲ್‌ಗೆ ಮಾತ್ರ ಯಾಕೆ ಅಂದರೆ, ಆ ಸೊನ್ನೆಯ ಕ್ಷಣ ದಿನಕ್ಕೆ ಸುಮಾರು ಎರಡೂವರೆ ಗಂಟೆ ಮುಂದೆ ಹೋಗುತ್ತಾ ಇರುತ್ತದೆ. ಇವತ್ತು ಸಂಜೆ 6ಕ್ಕೆ ಬಂದರೆ ನಾಳೆ ರಾತ್ರಿ ಎಂಟೂವರೆಗೆ. ಆ ಕ್ಷಣ ಯಾವ ರೆಕಾರ್ಡಿಂಗ್‌ನ ಮಧ್ಯೆ ಬಂತೋ ಅದರ ಉದ್ದ ಕೆಡುತ್ತದೆ. ಕೋಡಿಗೆ ಈ ವಿಷಯ ಗೊತ್ತಿರುವುದರಿಂದ ಅಲ್ಲಿ ಸರಿಯಾಗಿ ಕಾಣುತ್ತದೆ.

ಫಾರ್ವರ್ಡ್ ಒತ್ತಿದಾಗ ಮೊದಲಿಗೆ ಹೋಗುವುದಕ್ಕೂ ಇದೇ ಬೇರು. ಟಿಎಸ್‌ನಲ್ಲಿ ಸೂಚಿ ಇಲ್ಲ. '20ನೇ ನಿಮಿಷ ಫೈಲಿನ ಯಾವ ಜಾಗದಲ್ಲಿದೆ' ಅನ್ನುವುದನ್ನು ಟಿವಿ ಅಂದಾಜು ಮಾಡಬೇಕು. ಒಟ್ಟು ಉದ್ದವೇ ತಪ್ಪಿದ್ದರೆ ಅಂದಾಜು ಎಲ್ಲಿಂದ ಸರಿ ಆದೀತು?

ಪರಿಹಾರ ಸುಲಭ. ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ 'ಕಾಪಿ' ಆಯ್ಕೆ ಕೊಟ್ಟು ಫೈಲನ್ನು ಎಂಕೆವಿ ಅನ್ನುವ ಇನ್ನೊಂದು ಫೈಲ್ ರೂಪಕ್ಕೆ ಬದಲಿಸಿ. ಅಕ್ಕಿಯನ್ನು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಸುರಿದ ಹಾಗೆ, ಒಳಗಿನ ಚಿತ್ರ ಒಂದಿಷ್ಟೂ ಬದಲಾಗುವುದಿಲ್ಲ. ಎಂಕೆವಿಯಲ್ಲಿ ಉದ್ದ ಬರೆದಿರುತ್ತದೆ, ಸೂಚಿಯೂ ಇರುತ್ತದೆ. ಇದಕ್ಕೆ ಸಿಪಿಯು ಬೇಕಿಲ್ಲ, ಡಿಸ್ಕ್ ಓದಿ ಬರೆಯುವ ವೇಗ ಇದ್ದರೆ ಸಾಕು. ಪೈಗೆ ಏನೂ ಕಷ್ಟ ಅಲ್ಲ. ಟಿವಿಹೆಡೆಂಡ್‌ನ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ರೆಕಾರ್ಡ್ ಮುಗಿದ ಮೇಲೆ ಓಡಿಸಬೇಕಾದ ಕಮಾಂಡ್‌ಗೆ ಅಂತಲೇ ಒಂದು ಜಾಗ ಇದೆ. ಅಲ್ಲಿ ಚಿಕ್ಕ ಸ್ಕ್ರಿಪ್ಟ್ ಹಾಕಿಬಿಟ್ಟರೆ ತಾನೇ ಆಗುತ್ತದೆ.

ನಿಮ್ಮ ಟಿವಿ ಎಂಕೆವಿಯೊಳಗಿನ ಎಂಪೆಗ್-2 ಒಪ್ಪದಿದ್ದರೆ ಟಿಎಸ್‌ನಿಂದ ಟಿಎಸ್‌ಗೇ ಮತ್ತೊಮ್ಮೆ ಕಾಪಿ ಮಾಡಿ. ಸೂಚಿ ಬರುವುದಿಲ್ಲ, ಆದರೆ ಸಮಯದ ಮುದ್ರೆಗಳು ಮೊದಲಿಂದ ಹೊಸದಾಗಿ ಬೀಳುತ್ತವೆ. ಉದ್ದ ಸರಿಹೋಗುತ್ತದೆ.


ಮಳೆನಾಡು

ಇದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನನ್ನ ಫೈಲ್‌ಗಳಲ್ಲೂ ಎರಡು ಮೂರಕ್ಕೆ 25 ಗಂಟೆ ಅಂತಿದೆ.

ನನ್ನ ಪ್ರಶ್ನೆ ಬೇರೆ. ಜೂನ್‌ನಿಂದ ಇಲ್ಲಿ ಜೋರು ಮಳೆ. ರೆಕಾರ್ಡಿಂಗ್ ಓಡುತ್ತಾ ಓಡುತ್ತಾ ಚೌಕ ಚೌಕ ಆಗುತ್ತದೆ. ಕೋಡಿಯಲ್ಲಿ ಒಂದು ಕ್ಷಣ ಕೆಟ್ಟು ಮುಂದೆ ಹೋಗುತ್ತದೆ. ಟಿವಿಯ ಸ್ವಂತ ಪ್ಲೇಯರ್‌ನಲ್ಲಿ ಮಾತ್ರ ಅಲ್ಲೇ ನಿಂತು ಪಟ್ಟಿಗೆ ವಾಪಸ್ ಬರುತ್ತದೆ.


ತಂತಿಮನೆ

ಮಳೆನಾಡು ಅವರೇ, ಫ್ರೀ ಡಿಶ್ ಬರೋದು ಕೆಯು ಬ್ಯಾಂಡ್ ಅನ್ನುವ ತರಂಗ ಶ್ರೇಣಿಯಲ್ಲಿ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ. ಸುಮಾರು 11 ಗಿಗಾಹರ್ಟ್ಸ್. ಆ ಅಲೆಗಳನ್ನು ಮಳೆ ಹನಿ ಹೀರಿಕೊಳ್ಳುತ್ತದೆ. ಜೋರು ಮಳೆಗೆ ಸಿಗ್ನಲ್ ಇಳಿಯೋದು ಪ್ರಕೃತಿ ನಿಯಮ, ಪೂರ್ತಿ ತಪ್ಪಿಸೋಕೆ ಆಗಲ್ಲ. ಕಡಿಮೆ ಮಾಡಬಹುದು.

60 ಸೆಂ.ಮೀ. ಡಿಶ್ ಇದ್ದರೆ 90 ಸೆಂ.ಮೀ. ಹಾಕಿಸಿರಿ. ಬಿಸಿಲಿದ್ದಾಗ ಎರಡೂ ಒಂದೇ ಥರ ಕಾಣುತ್ತವೆ, ಮಳೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್‌ಗೆ ನೀರು ಇಳಿದಿದೆಯಾ ಬಿಚ್ಚಿ ನೋಡಿ. ಒಳಗಿನ ತಾಮ್ರ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ ಹೊಸ ಎಫ್ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಸುತ್ತಿ. ಕೇಬಲ್ ಕೆಳಗೆ ಒಂದು ಸುತ್ತು ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರ್‌ಗೆ ಹೋಗಲ್ಲ.

ಟಿವಿಹೆಡೆಂಡ್‌ನಲ್ಲಿ ಮುಗಿದ ರೆಕಾರ್ಡಿಂಗ್ ಪಟ್ಟಿ ನೋಡಿ. ಎರರ್ ಮತ್ತು ಡೇಟಾ ಎರರ್ ಅಂತ ಎರಡು ಕಾಲಂ ಇವೆ. ಬಿಸಿಲಿನ ದಿನವೂ ಅಲ್ಲಿ ಸಂಖ್ಯೆ ಏರುತ್ತಿದ್ದರೆ ಮಳೆಯನ್ನು ಬೈಯಬೇಡಿ, ಡಿಶ್ ತಿರುವು ಅಥವಾ ಕೇಬಲ್ ಸರಿ ಇಲ್ಲ.


ಫ್ರೇಮ್‌ರೇಟ್

ಅದಕ್ಕೆ ಒಂದು ಸೇರಿಸುತ್ತೇನೆ. ಈಗಾಗಲೇ ಕೆಟ್ಟಿರುವ ಫೈಲ್‌ಗೂ ಎಫ್‌ಎಫ್‌ಎಂಪೆಗ್‌ನಿಂದ ಸ್ವಲ್ಪ ಉಪಕಾರ ಆಗುತ್ತದೆ. ಹಾಳಾದ ಪ್ಯಾಕೆಟ್‌ಗಳನ್ನು ಬಿಟ್ಟುಬಿಡು ಅನ್ನುವ ಆಯ್ಕೆ ಇದೆ. ಅದನ್ನು ಹಾಕಿ ಕಾಪಿ ಮಾಡಿದರೆ ಕಳೆದುಹೋದ ಚಿತ್ರ ವಾಪಸ್ ಬರುವುದಿಲ್ಲ, ಆದರೆ ಟಿವಿ ಮಧ್ಯದಲ್ಲಿ ನಿಲ್ಲುವುದು ಬಹುಮಟ್ಟಿಗೆ ತಪ್ಪುತ್ತದೆ.


ಎಡಿಸನ್‌ಕನ್ನಡಿಗ, ನ್ಯೂಜೆರ್ಸಿ

ಚರ್ಚೆ ಓದಿ ಖುಷಿ ಆಯಿತು. ಆದರೆ 'ಸರ್ವರ್‌ಗೆ ದುಡ್ಡು ಹಾಕಬೇಡಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಅನುಭವ ಹೇಳುತ್ತೇನೆ.

ಇಲ್ಲಿ ಡಿಶ್ ಬೇಡ. ಅಟ್ಟದಲ್ಲಿ ಆಂಟೆನಾ ಇಟ್ಟರೆ ನ್ಯೂಯಾರ್ಕ್‌ನ ಚಾನೆಲ್‌ಗಳು ಗಾಳಿಯಲ್ಲೇ ಬರುತ್ತವೆ. ಆಂಟೆನಾ ಕೇಬಲ್ ಎಚ್‌ಡಿಹೋಮ್‌ರನ್ ಅನ್ನುವ ಚಿಕ್ಕ ಪೆಟ್ಟಿಗೆಗೆ ಹೋಗುತ್ತದೆ. ಅದು ನೇರವಾಗಿ ರೂಟರ್‌ಗೆ ಸೇರುವ ಟ್ಯೂನರ್. ಕಂಪ್ಯೂಟರ್‌ಗೆ ಯುಎಸ್‌ಬಿ ಚುಚ್ಚುವ ಗೊಡವೆ ಇಲ್ಲ, ಡ್ರೈವರ್ ತಲೆನೋವಿಲ್ಲ. ಇಲ್ಲಿನ ಹಳೇ ಎಟಿಎಸ್‌ಸಿ (ಅಮೆರಿಕದ ಡಿಜಿಟಲ್ ಟಿವಿ ಪದ್ಧತಿ) ಪ್ರಸಾರವೂ ಎಂಪೆಗ್-2ವೇ, ಆದರೆ ಎಚ್‌ಡಿ. ಒಂದು ಪ್ರಸಾರ ತರಂಗದ (ಅದರಲ್ಲಿ ಹಲವು ಚಾನೆಲ್ ಇರಬಹುದು) ಒಟ್ಟು ವೇಗ 19.39 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಮೆಗಾಬಿಟ್. ಅಷ್ಟೂ ಒಂದೇ ಚಾನೆಲ್‌ಗೆ ಹೋದರೆ ಗಂಟೆಗೆ 8.7 ಜಿಬಿ. ಧ್ವನಿಯ ಕೋಡೆಕ್ ಎಸಿ-3.

ಮನೆಯಲ್ಲಿ ಮಕ್ಕಳು ಟ್ಯಾಬ್‌ನಲ್ಲಿ ನೋಡುತ್ತಾರೆ, ಹೆಂಡತಿ ಅಡುಗೆಮನೆಯಲ್ಲಿ ಫೋನ್‌ನಲ್ಲಿ, ನಾನು ಬ್ರೌಸರ್‌ನಲ್ಲಿ. ಇಷ್ಟು ಜನರಿಗೆ ಬೇರೆ ಬೇರೆ ಪ್ಲೇಯರ್ ತರಲಾ? ಅದರ ಬದಲು ಇಂಟೆಲ್ ಎನ್100 ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್ ತಂದೆ. ಅದರಲ್ಲಿ ಕ್ವಿಕ್ ಸಿಂಕ್ ಅನ್ನುವ, ವಿಡಿಯೋ ಕೆಲಸಕ್ಕೆಂದೇ ಇರುವ ಹಾರ್ಡ್‌ವೇರ್ ಇದೆ. ಎಂಪೆಗ್-2 ಬಿಚ್ಚುವುದು, ಇಂಟರ್‌ಲೇಸ್ ಸರಿ ಮಾಡುವುದು, ಎಚ್.264 ಕಟ್ಟುವುದು ಮೂರೂ ಹಾರ್ಡ್‌ವೇರ್‌ನಲ್ಲೇ. ಒಂದಕ್ಕಿಂತ ಹೆಚ್ಚು ಜನ ಒಟ್ಟಿಗೆ ನೋಡಿದರೂ ಅಲ್ಲಾಡುವುದಿಲ್ಲ. ಕರೆಂಟೂ ಜಾಸ್ತಿ ತಿನ್ನುವುದಿಲ್ಲ.

ಇಲ್ಲಿರುವ ಕನ್ನಡಿಗರು ಯಾರಾದರೂ ಹೊಸದಾಗಿ ಶುರು ಮಾಡುತ್ತಿದ್ದರೆ ಒಂದು ಎಚ್ಚರಿಕೆ. ಎಟಿಎಸ್‌ಸಿ 3.0 ಅಂತ ಹೊಸ ಪ್ರಸಾರ ಬಂದಿದೆ. ಅನೇಕ ಸ್ಟೇಷನ್‌ಗಳು ಅದಕ್ಕೆ ಬೀಗ ಹಾಕಿ ಕಳಿಸುತ್ತಿವೆ, ಧ್ವನಿಯೂ ಎಸಿ-4 ಅನ್ನುವ ಹೊಸ ಕೋಡೆಕ್. ಮನೆ ಸರ್ವರ್‌ಗೆ ಅದು ಸದ್ಯಕ್ಕೆ ಕಷ್ಟದ ಹಾದಿ. ಹಳೇ ಪ್ರಸಾರವನ್ನೇ ನಂಬಿ.


ಫ್ರೇಮ್‌ರೇಟ್

ಎಡಿಸನ್ ಸರ್, ಫೋನ್ ಮತ್ತು ಬ್ರೌಸರ್‌ಗೆ ನೀವು ಹೇಳಿದ್ದೇ ಸರಿ. ಅಲ್ಲಿ ಬೇರೆ ದಾರಿ ಇಲ್ಲ. ಎನ್100 ಆ ಕೆಲಸಕ್ಕೆ ತುಂಬ ಒಳ್ಳೆಯದು. ನಾನೇ ಕೆಲವರಿಗೆ ಹೇಳಿ ಕೊಡಿಸಿದ್ದೇನೆ.

ಆದರೆ ದೊಡ್ಡ ಪರದೆಯ ವಿಷಯ ಬೇರೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಹೇಳದೆ ಬಿಡಲಾರೆ. ಯಕ್ಷಗಾನದ ಒಂದು ರೆಕಾರ್ಡಿಂಗ್ ತೆಗೆದುಕೊಳ್ಳಿ. ಪುಂಡು ವೇಷ (ಚುರುಕು ಯುವಕನ ಪಾತ್ರ) ಧೀಂಗಿಣ (ಗಿರಗಿರ ಸುತ್ತಿ ಹಾರುವ ಕುಣಿತ) ಹಾಕುತ್ತಿದೆ. ಮೂಲ ಪ್ರಸಾರದಲ್ಲಿ ಆ ಚಲನೆ ಸೆಕೆಂಡಿಗೆ 50 ಸಲ ದಾಖಲಾಗಿದೆ. ಟ್ರಾನ್ಸ್‌ಕೋಡ್ ಮಾಡುವಾಗ ಸರ್ವರ್ ಸಾಮಾನ್ಯವಾಗಿ ಎರಡು ಅರ್ಧಗಳನ್ನು ಸೇರಿಸಿ ಸೆಕೆಂಡಿಗೆ 25 ಚಿತ್ರ ಮಾಡಿಬಿಡುತ್ತದೆ. ಅರ್ಧ ಚಲನೆ ಹೋಯಿತು. ಕಾಲಿನ ಗೆಜ್ಜೆ, ಹಾರುವ ಸೆರಗು ಎಲ್ಲ ತಡವರಿಸಿದ ಹಾಗೆ ಕಾಣುತ್ತದೆ. ಸರಿಯಾಗಿ ಸೇರಿಸದಿದ್ದರೆ ಇನ್ನೂ ಕೆಟ್ಟದು, ತಿರುಗುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತವೆ. ಸಿದ್ಧಾಂತ ಬೇಡ, ಒಂದೇ ಧೀಂಗಿಣವನ್ನು ಎರಡೂ ರೀತಿ ಓಡಿಸಿ ನೋಡಿ. ಆ ಕಲಾವಿದರು ವರ್ಷಗಟ್ಟಲೆ ಅಭ್ಯಾಸ ಮಾಡಿ ಮಾಡಿದ ಚಲನೆ ಅದು. ನಮ್ಮ ಪ್ಲೇಯರ್‌ನಿಂದಾಗಿ ಅರ್ಧ ಕಾಣದೆ ಹೋಗಬಾರದು ಅನ್ನುವುದು ನನ್ನ ಕಾಳಜಿ.

ಟ್ರಾನ್ಸ್‌ಕೋಡ್ ಮಾಡಲೇಬೇಕಾದರೆ ಜೆಲ್ಲಿಫಿನ್ ಸೆಟ್ಟಿಂಗ್‌ನಲ್ಲಿ ಡಿಇಂಟರ್‌ಲೇಸ್ ಮಾಡುವಾಗ ಫ್ರೇಮ್ ರೇಟ್ ದುಪ್ಪಟ್ಟು ಮಾಡು ಅನ್ನುವ ಆಯ್ಕೆ ಇದೆ. ಅದನ್ನು ಟಿಕ್ ಮಾಡಿ. ಕೆಲಸ ಜಾಸ್ತಿ ಆಗುತ್ತದೆ, ಎನ್100ಗೆ ಅದು ಭಾರ ಅಲ್ಲ. ಪೈ 4ಗೆ ಭಾರ.


ಎಡಿಸನ್‌ಕನ್ನಡಿಗ

ಆ ಆಯ್ಕೆ ಹಾಕಿ ಫುಟ್‌ಬಾಲ್ ಪಂದ್ಯ ಓಡಿಸಿದೆ. ಚೆಂಡು ಹಾರುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಲ್ ಟಿವಿಗೆ ಕೋಡಿ, ಉಳಿದ ಪುಟ್ಟ ಪರದೆಗಳಿಗೆ ಜೆಲ್ಲಿಫಿನ್ ಅಂತ ಇಟ್ಟುಕೊಳ್ಳುತ್ತೇನೆ. ನಿಮ್ಮ ಮಾತು ಅಷ್ಟರ ಮಟ್ಟಿಗೆ ಒಪ್ಪಿದೆ.


ಹೊಸಬ, ಮಂಗಳೂರು

ಒಂದು ಸಣ್ಣ ಪ್ರಶ್ನೆ. ನಮ್ಮನೆಯಲ್ಲಿ ದುಡ್ಡು ಕಟ್ಟುವ ಡಿಟಿಎಚ್ ಇದೆ. ಅದರ ರೆಕಾರ್ಡಿಂಗ್ ಬಾಕ್ಸ್‌ನಿಂದ ಫೈಲ್ ತೆಗೆದು ಸರ್ವರ್‌ಗೆ ಹಾಕಬಹುದಾ? ಮತ್ತೆ, ಇದೆಲ್ಲ ಕಾನೂನು ಪ್ರಕಾರ ಸರಿನಾ?


ತಂತಿಮನೆ

ಆಗಲ್ರಿ. ಆ ಬಾಕ್ಸ್‌ಗಳು ರೆಕಾರ್ಡಿಂಗ್ ಅನ್ನು ಬೀಗ ಹಾಕಿಯೇ ಬರೆಯುತ್ತವೆ. ಡಿಸ್ಕ್ ತೆಗೆದು ಬೇರೆ ಕಡೆ ಹಾಕಿದರೆ ಏನೂ ಕಾಣಲ್ಲ. ಆ ಬೀಗ ಮುರಿಯುವ ವಿಚಾರ ಇಲ್ಲಿ ಬೇಡ. ಬೀಗ ಇಲ್ಲದ ಉಚಿತ ಪ್ರಸಾರ ಸಿಗುತ್ತದೆ ಅಂತಲೇ ಎಲ್ಲರೂ ಫ್ರೀ ಡಿಶ್ ಹಿಡಿದಿರೋದು.

ಕಾನೂನಿನ ಬಗ್ಗೆ ಹೇಳೋದಾದರೆ, ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂನಲ್ಲಿ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯಯುತವಾಗಿ ಉಪಯೋಗಿಸಲು ಅವಕಾಶ ಇದೆ. ಅಮೆರಿಕದಲ್ಲಿ ಮನೆಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡೋದು ತಪ್ಪಲ್ಲ ಅಂತ 1984ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ, ಸೋನಿ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ. ಮನೆಯವರು ನೋಡಿ. ಊರಿಗೆಲ್ಲ ಹಂಚಬೇಡಿ, ಎಲ್ಲೂ ಅಪ್‌ಲೋಡ್ ಮಾಡಬೇಡಿ.


ಕಾವೇರಿತೀರ

ಆದದ್ದನ್ನು ಬರೆಯುತ್ತೇನೆ, ಮುಂದೆ ಓದುವವರಿಗೂ ಉಪಯೋಗ ಆಗಲಿ.

ಅಮ್ಮನ ರೂಮಿನ ಸ್ಟಿಕ್ ತೆಗೆದೆ. ಆಮ್‌ಲಾಜಿಕ್ ಚಿಪ್ ಇರುವ ಹಳೇ ಆಂಡ್ರಾಯ್ಡ್ ಬಾಕ್ಸ್ ಒಂದು ಪರಿಚಯದವರಲ್ಲಿ ಸುಮ್ನೆ ಬಿದ್ದಿತ್ತು. ಅದಕ್ಕೆ ಕೋರ್‌ಎಲೆಕ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅದು ಆನ್ ಆದರೆ ನೇರ ಕೋಡಿಯೇ ತೆರೆಯುತ್ತದೆ. ಟಿವಿಹೆಡೆಂಡ್‌ಗೆ ಕೋಡಿಯಲ್ಲಿ ಆಡ್‌ಆನ್ ಇದೆ, ಅದರಿಂದ ರೆಕಾರ್ಡಿಂಗ್ ಪಟ್ಟಿ ಸೀದಾ ಬರುತ್ತದೆ. ಮಧ್ಯದಲ್ಲಿ ಜೆಲ್ಲಿಫಿನ್ ಬೇಕಿಲ್ಲ, ಡಿಎಲ್‌ಎನ್‌ಎ ಬೇಕಿಲ್ಲ. ಅಮ್ಮ ನೋಡುತ್ತಿದ್ದರೂ ಪೈ ಈಗ ತಣ್ಣಗಿದೆ. ಎಲ್ಲಿಗೆ ನಿಲ್ಲಿಸಿದ್ದರೋ ಮಾರನೆ ದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಅಮ್ಮನಿಗೆ ಅದೇ ದೊಡ್ಡ ಸಮಾಧಾನ.

ಪಟ್ಟಿಯಲ್ಲಿ ಕನ್ನಡ ಹೆಸರುಗಳು ಚೌಕ ಚೌಕವಾಗಿ ಕಂಡವು. ಕೋಡಿಯ ಸ್ಕಿನ್‌ಗೆ (ಪರದೆಯ ವಿನ್ಯಾಸಕ್ಕೆ) ಕನ್ನಡ ಅಕ್ಷರ ಇರುವ ಫಾಂಟ್ ಹಾಕಿದ ಮೇಲೆ ಸರಿಯಾಯಿತು. ವಯಸ್ಸಾದವರಿಗೆ ಮಾಡಿಕೊಡುವವರು ಇದನ್ನು ಮರೆಯಬೇಡಿ. ಹೆಸರು ಓದಲಾಗದಿದ್ದರೆ ಇಷ್ಟೆಲ್ಲ ಮಾಡಿಯೂ ಅವರು ಯಾರನ್ನೋ ಕೂಗಿ ಕರೆಯಬೇಕಾಗುತ್ತದೆ.

ಹಾಲ್ ಟಿವಿಗೆ ಎಂಕೆವಿ ಮಾಡಿಕೊಟ್ಟೆ. ಉದ್ದ ಸರಿ ತೋರಿಸುತ್ತದೆ, ಫಾರ್ವರ್ಡ್ ಸರಿ ಆಗುತ್ತದೆ. ಉಳಿದಿರುವುದು ಒಂದೇ. ಸರ್ವರ್ ಹೆಸರು ಟಿವಿಯ ಪಟ್ಟಿಯಿಂದ ಆಗಾಗ ಮಾಯ ಆಗುತ್ತದೆ. ಟಿವಿ ಆಫ್ ಮಾಡಿ ಆನ್ ಮಾಡಿದರೂ ಕೆಲವು ಸಲ ಬರುವುದಿಲ್ಲ.


ತಂತಿಮನೆ

ಈಗ ನನ್ನ ಸರದಿ ಬಂತು.

ಡಿಎಲ್‌ಎನ್‌ಎ ಸರ್ವರ್ ತಾನಿರೋದನ್ನು ಮನೆಯ ಎಲ್ಲ ಸಾಧನಗಳಿಗೂ ಕೂಗಿ ಹೇಳುತ್ತದೆ. ಆ ಕೂಗು ಹೋಗೋದು 239.255.255.250 ಅನ್ನುವ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ತಲುಪುವ) ವಿಳಾಸಕ್ಕೆ, 1900ನೇ ಪೋರ್ಟ್‌ಗೆ. ಮಿನಿಡಿಎಲ್‌ಎನ್‌ಎ ಸುಮಾರು 15 ನಿಮಿಷಕ್ಕೊಮ್ಮೆ ಕೂಗುತ್ತದೆ, ಸೆಟ್ಟಿಂಗ್ ಫೈಲಿನಲ್ಲಿ 895 ಸೆಕೆಂಡ್ ಅಂತ ಇರುತ್ತದೆ. ಕೂಗು ಕೇಳಿಸದೆ ಸ್ವಲ್ಪ ಹೊತ್ತು ಕಳೆದರೆ ಟಿವಿ ಆ ಹೆಸರನ್ನು ಅಳಿಸಿಬಿಡುತ್ತದೆ.

ಕೂಗು ಯಾಕೆ ತಲುಪುತ್ತಿಲ್ಲ ಅನ್ನೋದೇ ಪ್ರಶ್ನೆ. ಟಿವಿ ಗೆಸ್ಟ್ ವೈಫೈಗೆ ಸೇರಿದೆಯಾ ನೋಡಿ. ಗೆಸ್ಟ್ ನೆಟ್‌ವರ್ಕ್‌ನಿಂದ ಮನೆಯ ಒಳಗಿನ ಸರ್ವರ್ ಕಾಣಲ್ಲ. ರೂಟರ್‌ನಲ್ಲಿ ಎಪಿ ಐಸೊಲೇಷನ್ (ವೈಫೈ ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ. ಇವೆರಡೂ ಸರಿ ಇದ್ದರೆ ಉಳಿಯೋದು ಐಜಿಎಂಪಿ ಸ್ನೂಪಿಂಗ್. ಮಲ್ಟಿಕಾಸ್ಟ್ ಬೇಕಾದವರಿಗೆ ಮಾತ್ರ ಕಳಿಸಲಿ ಅಂತ ಸ್ವಿಚ್‌ನಲ್ಲಿ, ರೂಟರ್‌ನಲ್ಲಿ ಇದನ್ನು ಇಟ್ಟಿರುತ್ತಾರೆ. ಆದರೆ 'ಯಾರಿಗೆ ಬೇಕು' ಅಂತ ಆಗಾಗ ಕೇಳುವ ಕ್ವೆರಿಯರ್ ಮನೆಯಲ್ಲಿ ಯಾವುದೂ ಇಲ್ಲದಿದ್ದರೆ, ಸ್ವಿಚ್ ಸ್ವಲ್ಪ ಹೊತ್ತಿನ ಮೇಲೆ ಯಾರಿಗೂ ಬೇಡ ಅಂದುಕೊಂಡು ನಿಲ್ಲಿಸಿಬಿಡುತ್ತದೆ. ಶುರುವಲ್ಲಿ ಕಾಣಿಸಿ ಆಮೇಲೆ ಮಾಯ ಆದರೆ ಮೊದಲು ಇದನ್ನೇ ಅನುಮಾನಿಸಿ. ಸ್ನೂಪಿಂಗ್ ಆಫ್ ಮಾಡಿ ನೋಡಿ.

ಕೇಬಲ್ ಬಗ್ಗೆಯೂ ಹೇಳಿಬಿಡುತ್ತೇನೆ. 4 ಎಂಬಿಪಿಎಸ್‌ನ ಎಸ್‌ಡಿ ರೆಕಾರ್ಡಿಂಗ್‌ಗೆ ವೈಫೈ ವೇಗ ಧಾರಾಳ ಸಾಕು. ತೊಂದರೆ ಇರೋದು ನಡುನಡುವೆ ಕಡಿಯೋದರಲ್ಲಿ. ಪೈ ಮತ್ತು ರೂಟರ್ ಮಧ್ಯೆ ಮಾತ್ರ ತಪ್ಪದೆ ಕೇಬಲ್ ಹಾಕಿ. ಯಾಕಂದ್ರೆ ಸರ್ವರ್ ವೈಫೈನಲ್ಲಿದ್ದರೆ ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಒಮ್ಮೆ ರೂಟರ್‌ಗೆ, ಇನ್ನೊಮ್ಮೆ ಟಿವಿಗೆ. ಟಿವಿಯ ಕೇಬಲ್ ಪೋರ್ಟ್ ಬರೀ 100 ಎಂಬಿಪಿಎಸ್ ಅಂತ ಬೇಜಾರು ಬೇಡ. ಎಡಿಸನ್ ಅವರ 19.39ಕ್ಕೂ ಅದು ಸಾಕಾಗಿ ಉಳಿಯುತ್ತದೆ.

ಪೈ, ಡಿಸ್ಕ್, ರೂಟರ್ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ಟ್ಯೂನರ್‌ಗೆ ಬೇರೆ ಅಡಾಪ್ಟರ್ ಇದ್ದರೆ ಅದನ್ನೂ ಸೇರಿಸಿ. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಅದರಿಂದಲೇ ಹೋಗೋದು. ಬರೀ ಪೈ ಉಳಿದು ಟ್ಯೂನರ್ ಆಫ್ ಆದರೆ ರೆಕಾರ್ಡಿಂಗ್ ಖಾಲಿ.


ಕಾವೇರಿತೀರ

ಸ್ನೂಪಿಂಗ್ ಆನ್ ಇತ್ತು. ಆಫ್ ಮಾಡಿದ ಮೇಲೆ ಸರ್ವರ್ ಪಟ್ಟಿಯಲ್ಲೇ ನಿಂತಿದೆ. ತುಂಬ ಧನ್ಯವಾದ.

ಕೊನೆಯ ಪ್ರಶ್ನೆ. ದಸರಾ ದಿನ ಜಂಬೂ ಸವಾರಿ ರೆಕಾರ್ಡ್ ಮಾಡಬೇಕು, ಅದೇ ಹೊತ್ತಿಗೆ ಇನ್ನೊಂದು ಚಾನೆಲ್ ಕೂಡ ಬೇಕು. ಇರುವುದು ಒಂದೇ ಟ್ಯೂನರ್. ಆಗುತ್ತದಾ?


ಫ್ರೇಮ್‌ರೇಟ್

ಎರಡು ಚಾನೆಲ್‌ಗಳೂ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿದ್ದರೆ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಳಿಸುವ ಉಪಗ್ರಹದ ಭಾಗ) ಆಗುತ್ತದೆ. ಟ್ಯೂನರ್ ಹಿಡಿಯುವುದು ಒಂದು ಚಾನೆಲ್ ಅಲ್ಲ, ಆ ಇಡೀ ಗುಂಪನ್ನು. ಟಿವಿಹೆಡೆಂಡ್ ಅದರೊಳಗಿಂದ ಬೇಕಾದಷ್ಟು ಚಾನೆಲ್ ಬೇರ್ಪಡಿಸಿ ಬರೆಯುತ್ತದೆ. ಸೆಟ್ಟಿಂಗ್‌ನಲ್ಲಿ ಚಾನೆಲ್‌ನ ಮಕ್ಸ್ (ಆ ಗುಂಪು) ಯಾವುದು ಅಂತ ನೋಡಿ. ಎರಡಕ್ಕೂ ಒಂದೇ ಇದ್ದರೆ ನಿಶ್ಚಿಂತೆ. ಬೇರೆ ಬೇರೆ ಇದ್ದರೆ ಇನ್ನೊಂದು ಟ್ಯೂನರ್ ಬೇಕು, ಎಲ್‌ಎನ್‌ಬಿಯಿಂದ ಇನ್ನೊಂದು ಕೇಬಲ್ಲೂ ಬೇಕು. ಎರಡು ಔಟ್‌ಪುಟ್‌ನಲ್ಲಿ ಒಂದು ಸೆಟ್‌ಟಾಪ್ ಬಾಕ್ಸ್‌ಗೆ ಹೋಗಿದೆಯಲ್ಲ, ಆ ದಿನದ ಮಟ್ಟಿಗೆ ಅದನ್ನೇ ಎರಡನೇ ಟ್ಯೂನರ್‌ಗೆ ಹಾಕಿಕೊಳ್ಳಬಹುದು. ನೇರಪ್ರಸಾರ ನೋಡುವವರು ಕೋಡಿಯಲ್ಲೇ ನೋಡಲಿ.

ಜಂಬೂ ಸವಾರಿಗೆ ಗೈಡ್ (ಚಾನೆಲ್ ಕಳಿಸುವ ಕಾರ್ಯಕ್ರಮದ ವೇಳಾಪಟ್ಟಿ) ನಂಬಬೇಡಿ. ಟೈಮರ್ ಹಾಕಿ, ಶುರುವಿಗೆ 15 ನಿಮಿಷ ಮೊದಲು, ಕೊನೆಗೆ ಕನಿಷ್ಠ ಒಂದು ಗಂಟೆ ಹೆಚ್ಚು ಕೊಡಿ. ಮೆರವಣಿಗೆ ಗಡಿಯಾರ ನೋಡಿ ನಡೆಯುವುದಿಲ್ಲ ಅಲ್ವಾ. ಗಂಟೆಗೆ 1.8 ಜಿಬಿಯಂತೆ ಐದು ಗಂಟೆಗೆ 9 ಜಿಬಿ. ಎಂಕೆವಿ ಕಾಪಿ ಆಗುವಾಗ ಅಷ್ಟೇ ಜಾಗ ಮತ್ತೊಮ್ಮೆ ಬೇಕಾಗುತ್ತದೆ. ಎರಡು ಚಾನೆಲ್‌ಗೆ ಸೇರಿ 40 ಜಿಬಿ ಖಾಲಿ ಇಟ್ಟುಕೊಳ್ಳಿ. ಹಿಂದಿನ ದಿನವೇ ಹತ್ತು ನಿಮಿಷ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ, ಎರರ್ ಕಾಲಂ ಸೊನ್ನೆ ಇದೆಯಾ ನೋಡಿಕೊಳ್ಳಿ.